ಉಪಯೋಗಿಸದ ಕ್ರೆಡಿಟ್ ಕಾರ್ಡನ್ನು ಮುಚ್ಚತಕ್ಕದ್ದೋ, ಇಟ್ಟುಕೊಳ್ಳತಕ್ಕದ್ದೋ?

ಮನುಷ್ಯನು ತಾನು ಉಪಯೋಗಿಸುವ ವಸ್ತುಗಳ ವಿಷಯದಲ್ಲಿ ಆಲೋಚನೆ ಮಾಡುವದುಂಟು; ಉಪಯೋಗಿಸದೆ ಬಿಟ್ಟಿರುವವುಗಳ ವಿಷಯದಲ್ಲಿ ಆಲೋಚನೆ ಮಾಡುವದು ಅಪರೂಪ. ಅಟ್ಟದ ಮೇಲಿನ ಹಳೇ ಕೊಳಗವೂ ಹಟ್ಟಿಯ ಮೂಲೆಯಲ್ಲಿರುವ ಮುರಿದ ನೊಗವೂ ಯಾರಿಗೂ ಕೇಡು ಮಾಡುವದಿಲ್ಲವಾದದರಿಂದ ಅವುಗಳನ್ನು ಮರೆತರೂ ನಡೆಯುವದು. ಆದರೆ ಉಪಯೋಗಿಸದೆ ಇಟ್ಟಿರುವ ವಸ್ತುವು ಸಾಲಮಾಡುವ ಅಧಿಕಾರವೇ ಆಗಿದ್ದರೆ ಅದನ್ನೂ ಹಾಗೆಯೇ ಮರೆಯಬಹುದೋ? ಈ ಕಾಲದಲ್ಲಿ ಅನೇಕರ ಕೈಚೀಲದಲ್ಲಿ ಎರಡು ಮೂರು ಕ್ರೆಡಿಟ್ ಕಾರ್ಡುಗಳಿರುತ್ತವೆ. ಒಂದನ್ನು ಬಳಸುತ್ತಾರೆ, ಉಳಿದವು ಸುಮ್ಮನೆ ಬಿದ್ದಿರುತ್ತವೆ. ಹೀಗೆ ಬಿದ್ದಿರುವವುಗಳನ್ನು ಬ್ಯಾಂಕಿಗೆ ಹೇಳಿ ಮುಚ್ಚಿಸತಕ್ಕದ್ದೋ, ಇದ್ದರೆ ಇರಲಿ ಎಂದು ಇಟ್ಟುಕೊಳ್ಳತಕ್ಕದ್ದೋ ಎಂಬ ಪ್ರಶ್ನೆಯು ಮೊದಲು ನೋಡುವಾಗ ಬರೀ ಲೆಕ್ಕದ ಪ್ರಶ್ನೆಯಂತೆ ಕಾಣುವದು. ಚೆನ್ನಾಗಿ ವಿಚಾರಿಸಿದರೆ ಅದು ಮನಸ್ಸಾಕ್ಷಿಯ ಪ್ರಶ್ನೆಯೂ ಆಗಿದೆ.

ಇದು ಪಟ್ಟಣದವರ ಮಾತು, ಹಳ್ಳಿಯಲ್ಲಿರುವ ನಮಗೇನು ಎಂದು ಯಾರೂ ಅನ್ನಬಾರದು. ನಮ್ಮ ಮನೆಗಳ ಮಕ್ಕಳು ದಾದಿಯರಾಗಿಯೂ ಉಪಾಧ್ಯಾಯರಾಗಿಯೂ ಕಾರ್ಖಾನೆಯ ಕೆಲಸಗಾರರಾಗಿಯೂ ಬೆಂಗಳೂರು, ಮಂಗಳೂರು, ಹುಬ್ಬಳ್ಳಿಗಳಲ್ಲಿದ್ದಾರೆ. ಅವರ ಮೊದಲನೆಯ ಸಂಬಳವು ಖಾತೆಗೆ ಬಂದು ಬಿದ್ದ ಕೆಲವು ದಿವಸಗಳಲ್ಲೇ ಕಾರ್ಡು ಕೊಡುತ್ತೇವೆಂದು ದೂರವಾಣಿಯ ಕರೆ ಬರುವದು. ನಮ್ಮ ದೇಶದಲ್ಲಿ ಬಳಕೆಯಲ್ಲಿರುವ ಕ್ರೆಡಿಟ್ ಕಾರ್ಡುಗಳ ಸಂಖ್ಯೆಯು 2024ರ ಮೊದಲ ತಿಂಗಳುಗಳಲ್ಲಿ 10 ಕೋಟಿಯನ್ನು ದಾಟಿತು. ಆದದರಿಂದ ಊರಲ್ಲಿರುವ ತಂದೆತಾಯಿಗಳೂ ಈ ವಿಷಯವನ್ನು ತಿಳಿದಿರುವದು ಯುಕ್ತವಾಗಿದೆ. ಯಾಕಂದರೆ ಮಕ್ಕಳು ಬುದ್ಧಿ ಕೇಳಿದಾಗ ನಮಗೇನು ಗೊತ್ತು ಎಂದು ಹೇಳಿ ಕಳುಹಿಸುವದು ಹಿರಿಯರಿಗೆ ಶೋಭಿಸುವದಿಲ್ಲ.

ಮೊದಲು ಈ ವಸ್ತು ಯಾವದೆಂಬದನ್ನು ಸ್ಪಷ್ಟವಾಗಿ ತಿಳುಕೊಳ್ಳೋಣ. ಬ್ಯಾಂಕಿನ ಖಾತೆಯಲ್ಲಿರುವ ನಮ್ಮ ಸ್ವಂತ ಹಣವನ್ನು ತೆಗೆಯುವ ಕಾರ್ಡು ಬೇರೆ; ಕ್ರೆಡಿಟ್ ಕಾರ್ಡು ಬೇರೆ. ಇದರಲ್ಲಿ ನಮ್ಮ ಹಣ ಒಂದು ಕಾಸೂ ಇಲ್ಲ. ಈ ಮನುಷ್ಯನು ಇಷ್ಟು ಸಾವಿರ ರೂಪಾಯಿಗಳ ತನಕ ಸಾಲವಾಗಿ ಖರ್ಚು ಮಾಡಬಹುದೆಂದು ಬ್ಯಾಂಕು ಒಂದು ಮಿತಿಯನ್ನು ಗೊತ್ತುಮಾಡುವದು. ತಿಂಗಳ ಲೆಕ್ಕ ಬಂದ ಮೇಲೆ ಗೊತ್ತಾದ ದಿನದೊಳಗೆ ಪೂರ್ತಿಯಾಗಿ ತೀರಿಸಿದರೆ ಬಡ್ಡಿ ಇಲ್ಲ. ತೀರಿಸದೆ ಉಳಿಸಿದರೆ ಬಡ್ಡಿಯು ತಿಂಗಳಿಗೆ ನೂರಕ್ಕೆ 3, 3½ ರೂಪಾಯಿಗಳಂತೆ ಏರುವದು. 10,000 ರೂಪಾಯಿಗಳ ಬಾಕಿಗೆ ತಿಂಗಳಿಗೆ 350 ರೂಪಾಯಿ, ವರುಷಕ್ಕೆ 4,200 ರೂಪಾಯಿ ಎಂದು ಲೆಕ್ಕ ಹಾಕಿ ನೋಡಿರಿ. ಬಡ್ಡಿಗೆ ಬಡ್ಡಿ ಸೇರಿದರೆ ಇನ್ನೂ ಹೆಚ್ಚು. ಕನಿಷ್ಠ ಮೊತ್ತವನ್ನಾದರೂ ಕಟ್ಟಿರಿ ಎಂಬ ಮಾತು ತಿಂಗಳ ಚೀಟಿಯಲ್ಲಿ ಅಚ್ಚಾಗಿರುವದು. ಅಷ್ಟನ್ನೇ ಕಟ್ಟಿ ಸಮಾಧಾನ ಪಡುವವನ ಸಾಲವು ಬಹುಕಾಲ ತೀರದು.

ಈ ವಸ್ತುವು ಬಂದ ಬಗೆಯನ್ನೂ ತಿಳಿದಿರುವದು ಒಳ್ಳೇದು. 1958ರ ಸೆಪ್ಟೆಂಬರದಲ್ಲಿ ಅಮೇರಿಕದ ಕ್ಯಾಲಿಫೋರ್ನಿಯಾ ಸೀಮೆಯ ಫ್ರೆಸ್ನೋ ಎಂಬ ಪಟ್ಟಣದಲ್ಲಿ ಬ್ಯಾಂಕ್ ಆಫ್ ಅಮೇರಿಕವು ಸುಮಾರು 60,000 ಕಾರ್ಡುಗಳನ್ನು ಟಪ್ಪಾಲಿನ ಮೂಲಕ ಮನೆಮನೆಗೆ ಕಳುಹಿಸಿಬಿಟ್ಟಿತು. ಯಾರೂ ಕೇಳಿರಲಿಲ್ಲ, ಯಾರೂ ಅರ್ಜಿ ಬರೆದಿರಲಿಲ್ಲ. ಬೆಳಿಗ್ಗೆ ಬಾಗಲು ತೆರೆದವನಿಗೆ ಸಾಲಮಾಡುವ ಅಧಿಕಾರವು ಹೊಸ್ತಿಲಲ್ಲಿ ಕಾದಿತ್ತು. ಬೇರೆ ಬ್ಯಾಂಕುಗಳೂ ಇದೇ ದಾರಿಯನ್ನು ಹಿಡಿದವು. ಇದರಿಂದ ಕಳವು, ಮೋಸ, ತೀರದ ಬಾಕಿ ಇವೆಲ್ಲವೂ ಹೆಚ್ಚಾದದರಿಂದ, ಕೇಳದವರಿಗೆ ಕಾರ್ಡು ಕಳುಹಿಸಕೂಡದೆಂದು ಆ ದೇಶದ ಸರಕಾರವು 1970ರಲ್ಲಿ ಕಾನೂನು ಮಾಡಿತು. ನಮ್ಮ ದೇಶದಲ್ಲಿ 1980ರಲ್ಲಿ ಸೆಂಟ್ರಲ್ ಬ್ಯಾಂಕ್ ಆಫ್ ಇಂಡಿಯಾ ಕ್ರೆಡಿಟ್ ಕಾರ್ಡನ್ನು ಹೊರಡಿಸಿತು. ಆ ಮೇಲೆ ಒಂದೊಂದಾಗಿ ಇತರ ಬ್ಯಾಂಕುಗಳು ಹೊರಡಿಸಿದವು. ಕೇಳದವರಿಗೆ ಕೊಡಕೂಡದೆಂಬ ನಿಯಮ ಇಲ್ಲಿಯೂ ಉಂಟು. ಆದಾಗ್ಯೂ ಅಂಗಡಿಯ ಬಾಗಲಲ್ಲಿ ನಿಂತ ನಗುಮುಖದ ಯುವಕನು "ಜೀವಮಾನವೆಲ್ಲಾ ಉಚಿತ, ಸುಮ್ಮನೆ ಇಟ್ಟುಕೊಳ್ಳಿರಿ" ಎಂದು ಹೇಳುವಾಗ, ಬೇಡವೆನ್ನಲು ನಾಚಿ ಹೂಂ ಎಂದವರು ಎಷ್ಟೋ ಮಂದಿ. ಬೇಡದೆ ಬಂದದ್ದು ಬಳಸದೆ ಉಳಿಯುವದು ಸಹಜವೇ. ಬಳಸದ ಕಾರ್ಡುಗಳ ವಂಶಾವಳಿಯು ಬಹಳ ಮಟ್ಟಿಗೆ ಇದೇ.

ಈಗ ಪ್ರಶ್ನೆಗೆ ಬರೋಣ. ಮುಚ್ಚಬೇಕೆನ್ನುವವರ ವಾದವನ್ನು ಮೊದಲು ಕೇಳಿರಿ.

ಒಂದನೆಯದು, ಸುಮ್ಮನೆ ಇರುವ ಕಾರ್ಡು ನಿಜವಾಗಿ ಸುಮ್ಮನೆ ಇರುವದಿಲ್ಲ. ಎಷ್ಟೋ ಕಾರ್ಡುಗಳಿಗೆ ಮೊದಲನೆಯ ವರುಷ ಶುಲ್ಕವಿಲ್ಲ, ಎರಡನೆಯ ವರುಷದಿಂದ ಉಂಟು. 500 ರೂಪಾಯಿ ಶುಲ್ಕವಿದ್ದರೆ ಅದರ ಮೇಲೆ ನೂರಕ್ಕೆ 18ರಂತೆ ತೆರಿಗೆ ಸೇರಿ 590 ರೂಪಾಯಿ ಆಗುವದು. ಮರೆತವನು ಅದನ್ನು ಕಟ್ಟುವದಿಲ್ಲ. ವಿಳಂಬದ ದಂಡವು ಸೇರುವದು. ಒಂದು ರೂಪಾಯಿಯ ಸಾಮಾನನ್ನೂ ಕೊಳ್ಳದವನು ಬಾಕಿದಾರನೆಂದು ಬರೆಯಲ್ಪಡುವನು. ಎರಡನೆಯದು, ಕಳ್ಳನಿಗೆ ಬೇಕಾದದ್ದು ಕಾರ್ಡಲ್ಲ, ಅದರ ಅಂಕೆಗಳು. ಬಳಸುವ ಕಾರ್ಡಿನ ಲೆಕ್ಕವನ್ನು ತಿಂಗಳು ತಿಂಗಳು ನೋಡುತ್ತೇವೆ. ಬಳಸದ್ದರ ಲೆಕ್ಕವನ್ನು ಯಾರು ನೋಡುವರು? ಹಿಂದಿನ ದೂರವಾಣಿ ಸಂಖ್ಯೆಯನ್ನು ಬಿಟ್ಟು ಹೊಸದನ್ನು ತೆಗೆದುಕೊಂಡಿದ್ದರೆ ಬ್ಯಾಂಕಿನ ಎಚ್ಚರಿಕೆಯ ಸಂದೇಶವು ಯಾರಿಗೋ ಹೋಗುವದು. ಬ್ಯಾಂಕಿನದೂ ಗಿರಾಕಿಯದೂ ಅಲ್ಲದ ತಪ್ಪಿನಿಂದ ಹಣ ಹೋದಾಗ, ಸುದ್ದಿ ಬಂದ ಮೂರು ಕೆಲಸದ ದಿವಸಗಳೊಳಗೆ ತಿಳಿಸಿದವನಿಗೆ ಹೊಣೆಯಿಲ್ಲವೆಂದು ರಿಸರ್ವ್ ಬ್ಯಾಂಕು 2017ರಲ್ಲಿ ಏರ್ಪಾಡು ಮಾಡಿತು. ಆದರೆ ಸುದ್ದಿಯನ್ನೇ ನೋಡದವನು ತಿಳಿಸುವದು ಹೇಗೆ? ಮೂರನೆಯದು, ಮನೆಯವರಿಗೆ ಗೊತ್ತಿಲ್ಲದ ಕಾರ್ಡಿನ ಬಾಕಿಯು ಯಜಮಾನನು ತೀರಿಹೋದ ಮೇಲೆ ಹೊರಗೆ ಬರುವದುಂಟು. ಸತ್ತವನು ಬಿಟ್ಟ ಆಸ್ತಿಯಿಂದ ಅದನ್ನು ಕೇಳುವ ಹಕ್ಕು ಸಾಲಗಾರನಿಗಿದೆ. ಕಣ್ಣೀರು ಆರದ ವಿಧವೆಯು ತನಗೆ ತಿಳಿಯದ ಚೀಟಿಯನ್ನು ಹಿಡಿದು ಓದಿಸಿಕೊಳ್ಳಬೇಕಾಗುವದು.

ಇಟ್ಟುಕೊಳ್ಳಬೇಕೆನ್ನುವವರ ವಾದವೂ ಹಗುರವಾದದ್ದಲ್ಲ. ಇದನ್ನು ತಿಳಿಯಲು ಪತ್ತು ಎಂಬ ಮಾತನ್ನು ನೆನಸಿರಿ. ನಮ್ಮ ಊರುಗಳಲ್ಲಿ ಪತ್ತಿನ ಸಹಕಾರಿ ಸಂಘಗಳನ್ನು ಎಲ್ಲರೂ ಬಲ್ಲರು. ಪತ್ತು ಎಂದರೆ ಕೊಟ್ಟದ್ದನ್ನು ಹಿಂದಕ್ಕೆ ಕೊಡುವನೆಂದು ಒಬ್ಬನ ಮೇಲೆ ಇತರರು ಇಡುವ ನಂಬಿಕೆ. ಈಗ ಈ ನಂಬಿಕೆಯನ್ನು ಅಂಕದಲ್ಲಿ ಬರೆಯುತ್ತಾರೆ. ಜನರು ತೆಗೆದುಕೊಂಡ ಸಾಲಗಳನ್ನೂ ತೀರಿಸಿದ ಬಗೆಯನ್ನೂ ದಾಖಲೆ ಮಾಡುವದಕ್ಕೆ 2000ದಲ್ಲಿ ಸಿಬಿಲ್ ಎಂಬ ಸಂಸ್ಥೆ ಸ್ಥಾಪಿತವಾಯಿತು. ಇಂಥ ಸಂಸ್ಥೆಗಳಿಗಾಗಿ 2005ರಲ್ಲಿ ಕಾನೂನು ಆಯಿತು. ಅದು ಕೊಡುವ ಅಂಕವು 300ರಿಂದ 900ರ ವರೆಗೆ ಇರುವದು. ಮನೆ ಕಟ್ಟಲಿಕ್ಕೆ ಸಾಲ ಕೇಳಿದರೆ ಬ್ಯಾಂಕಿನವರು ಮೊದಲು ಈ ಅಂಕವನ್ನೇ ನೋಡುತ್ತಾರೆ.

ಅಂಕವನ್ನು ಗುಣಿಸುವಾಗ ಹೊತ್ತಿಗೆ ಸರಿಯಾಗಿ ತೀರಿಸಿದನೋ ಎಂಬದೇ ಮುಖ್ಯ. ಅದರ ಕೂಡ, ಕೊಟ್ಟ ಮಿತಿಯಲ್ಲಿ ಎಷ್ಟನ್ನು ಬಳಸಿದನು, ಎಷ್ಟು ವರುಷಗಳಿಂದ ವ್ಯವಹಾರವಿದೆ ಎಂಬದನ್ನೂ ನೋಡುತ್ತಾರೆ. ಒಬ್ಬನಲ್ಲಿ ಎರಡು ಕಾರ್ಡುಗಳಿವೆ ಎನ್ನಿರಿ: ಒಂದಕ್ಕೆ 60,000, ಇನ್ನೊಂದಕ್ಕೆ 40,000 ಮಿತಿ. ತಿಂಗಳಿಗೆ ಅವನು ಎರಡನೆಯದರಲ್ಲಿ 20,000 ಖರ್ಚು ಮಾಡುತ್ತಾನೆ. ಒಟ್ಟು ಒಂದು ಲಕ್ಷದಲ್ಲಿ ನೂರಕ್ಕೆ 20 ಮಾತ್ರ ಬಳಸಿದಂತಾಯಿತು. ಬಳಸದ ಮೊದಲನೆಯದನ್ನು ಮುಚ್ಚಿಸಿದರೆ ಅದೇ 20,000ವು 40,000ದಲ್ಲಿ ನೂರಕ್ಕೆ 50 ಆಗುವದು. ಖರ್ಚು ಒಂದು ಕಾಸೂ ಹೆಚ್ಚಲಿಲ್ಲ. ಆದರೂ ಲೆಕ್ಕ ನೋಡುವವರ ಕಣ್ಣಿಗೆ ಅವನು ಸಾಲದ ಮೇಲೆ ಹೆಚ್ಚಾಗಿ ಆತುಕೊಂಡವನಂತೆ ಕಾಣುವನು. ಅಂಕವು ಸ್ವಲ್ಪ ಇಳಿಯಬಹುದು. ಮುಚ್ಚಿದ್ದು ಬಹಳ ಹಳೇ ಕಾರ್ಡಾಗಿದ್ದರೆ, ಅದರ ಒಳ್ಳೇ ದಾಖಲೆಯು ವರುಷಗಟ್ಟಲೆ ಪುಸ್ತಕದಲ್ಲಿ ಉಳಿದಿದ್ದರೂ, ಮುಂದೆ ಅದಕ್ಕೆ ವಯಸ್ಸು ಸೇರುವದಿಲ್ಲ. ಇದರ ಮೇಲೆ, ರಾತ್ರಿಯಲ್ಲಿ ಮಗುವಿಗೆ ಕಾಯಿಲೆಯಾಗಿ ಆಸ್ಪತ್ರೆಯಲ್ಲಿ ಮುಂಗಡ ಕಟ್ಟಬೇಕಾದರೆ ಕಾರ್ಡು ಕೈಗೆ ಬರುವದೆಂದು ಅವರು ಹೇಳುತ್ತಾರೆ. ಇದು ಸುಳ್ಳಲ್ಲ. ನೆರೆಮನೆಯ ಬಾಗಲು ತಟ್ಟಿ ಹಣ ಕೇಳುವದಕ್ಕೆ ಪಟ್ಟಣದಲ್ಲಿ ನೆರೆಯವನ ಪರಿಚಯವೇ ಇರುವದಿಲ್ಲವಲ್ಲ.

ಹೀಗಿರಲಾಗಿ ಎರಡು ಪಕ್ಷಗಳಲ್ಲಿಯೂ ಸತ್ಯವಿದೆ. ತೂಗಿ ನೋಡುವದು ಹೇಗೆ?

ಮೊದಲು ಅಂಕದ ಬೆಲೆಯನ್ನು ತೂಗೋಣ. ಈಗಿನ ಗದಗ ಜಿಲ್ಲೆಗೆ ಸೇರಿದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಮುಂದಾಳಾಗಿ 1905ರಲ್ಲಿ ಕೃಷಿ ಪತ್ತಿನ ಸಹಕಾರಿ ಸಂಘವನ್ನು ಸ್ಥಾಪಿಸಿದರು. ನಮ್ಮ ದೇಶದ ಇಂಥ ಸಂಘಗಳಲ್ಲಿ ಅದು ಮೊದಲನೆಯದೆಂದು ಹೆಸರುಗೊಂಡಿದೆ. ಆ ಕಾಲದ ಕಾನೂನಿನಂತೆ ಹಳ್ಳಿಯ ಸಂಘಗಳಲ್ಲಿ ಸದಸ್ಯರ ಹೊಣೆಗೆ ಮಿತಿ ಇರಲಿಲ್ಲ. ಒಬ್ಬನು ತಪ್ಪಿದರೆ ಉಳಿದವರೆಲ್ಲರೂ ಹೊರಬೇಕು. ಆದದರಿಂದ ಒಬ್ಬನಿಗೆ ಸಾಲ ಕೊಡುವಾಗ ಅವನು ಎಂಥವನು, ದುಡಿಯುತ್ತಾನೋ, ಮಾತಿಗೆ ನಿಲ್ಲುತ್ತಾನೋ, ಕುಡಿಯುತ್ತಾನೋ ಎಂಬದನ್ನು ನೆರೆಯವರೇ ವಿಚಾರಿಸಿ ನೋಡಬೇಕಾಗಿತ್ತು. ಅಂಥಲ್ಲಿ ಪತ್ತು ಎಂಬದು ಮನುಷ್ಯನ ನಡತೆಯ ನೆರಳಾಗಿತ್ತು.

ಈಗಿನ ಅಂಕವೂ ನಡತೆಯ ಒಂದು ತುಣುಕನ್ನು ತೋರಿಸುವದು ನಿಜವೇ. ಹೊತ್ತಿಗೆ ತೀರಿಸುವವನನ್ನೂ ತೀರಿಸದವನನ್ನೂ ಅದು ಬೇರ್ಪಡಿಸುವದು. ಆದರೆ ಅದಕ್ಕೆ ಮನುಷ್ಯನ ಪೂರ್ತಿ ಮುಖ ಕಾಣುವದಿಲ್ಲ. ಎಂದೂ ಸಾಲ ಮಾಡದೆ ಕೈಯ ದುಡಿಮೆಯಲ್ಲಿ ಬಾಳಿದ ಮುದುಕನಿಗೆ ಅಂಕವೇ ಇರುವದಿಲ್ಲ. ಹಾಗಾದರೆ ಅವನು ನಂಬಿಕೆಗೆ ಅಯೋಗ್ಯನೋ? ಮೇಲಿನ ಲೆಕ್ಕದಲ್ಲಿ ನೋಡಿದಂತೆ, ಸಾಲಮಾಡುವ ಒಂದು ಅಧಿಕಾರವನ್ನು ತಾನಾಗಿ ಬಿಟ್ಟುಕೊಟ್ಟವನ ಅಂಕವು ಇಳಿಯಲೂಬಹುದು. ಬಿಟ್ಟುಕೊಡುವದು ಅಪನಂಬಿಕೆಯ ಲಕ್ಷಣವೋ? ಎಂದಿಗೂ ಅಲ್ಲ. ಆದದರಿಂದ ಅಂಕವನ್ನು ತಿರಸ್ಕರಿಸಲೂ ಬೇಡ, ಪೂಜಿಸಲೂ ಬೇಡ. ಅದು ಒಂದು ಕೆಲಸಕ್ಕೆ ಬೇಕಾದ ಸಲಕರಣೆ. ಒಂದೆರಡು ವರುಷದೊಳಗೆ ಮನೆಸಾಲ ಕೇಳುವವನು ಅದನ್ನು ಕಾಪಾಡುವದು ಬುದ್ಧಿವಂತಿಕೆ; ಯಾವ ಸಾಲವನ್ನೂ ಕೇಳುವ ಯೋಚನೆಯಿಲ್ಲದವನು 780ನ್ನು 790 ಮಾಡಬೇಕೆಂದು ಮನೆಯಲ್ಲಿ ಬೇಡದ ಕಾರ್ಡುಗಳನ್ನು ಸಾಕುವದು ಹೆಮ್ಮೆ. ಇಳಿದ ಅಂಕವಾದರೋ, ಖರ್ಚು ಹಿತಮಿತವಾಗಿದ್ದು ಬಾಕಿಯು ಹೊತ್ತಿಗೆ ತೀರುತ್ತಾ ಬಂದರೆ, ಸಾಮಾನ್ಯವಾಗಿ ತಿರಿಗಿ ಏರುವದು.

ಎರಡನೆಯದಾಗಿ ಶೋಧನೆಯ ಪ್ರಶ್ನೆ. ಇಲ್ಲಿ ಒಂದು ಸೂಕ್ಷ್ಮವಾದ ವಾದವುಂಟು. ಕೆಲವರು ಹೀಗೆ ಹೇಳುತ್ತಾರೆ: "ಬಾಗಲು ತೆರೆದಿದ್ದರೂ ಒಳಗೆ ಹೋಗದವನೇ ನಿಜವಾದ ಸಂಯಮಿ. ಬಾಗಲನ್ನು ಮುಚ್ಚಿಕೊಂಡವನು ಬಲಹೀನನು. ನನಗೆ ನನ್ನ ಮೇಲೆ ಹಿಡಿತವಿದೆ. ನಾನು ಯಾಕೆ ಮುಚ್ಚಬೇಕು?" ಈ ಮಾತಿಗೆ ಉತ್ತರ ಹೇಳುವದಕ್ಕೆ ಮುಂಚೆ ಒಂದು ದೃಷ್ಟಾಂತವನ್ನು ಮನಸ್ಸಿಗೆ ತಂದುಕೊಳ್ಳೋಣ. ಆಸ್ಪತ್ರೆಯಲ್ಲಿ ದಾದಿಯಾಗಿರುವ ಮಗಳು ರಜೆಗೆ ಊರಿಗೆ ಬಂದು ತಂದೆಯ ಸಂಗಡ ಮಾತಾಡುತ್ತಾಳೆ ಎಂದಿಟ್ಟುಕೊಳ್ಳಿರಿ.

"ಅಪ್ಪಾ, ನನ್ನಲ್ಲಿ ಎರಡನೆಯ ಕಾರ್ಡು ಒಂದಿದೆ. ಆರು ತಿಂಗಳಿಂದ ಮುಟ್ಟಲಿಲ್ಲ. ಮುಚ್ಚಿಸೋಣವೆಂದರೆ ಅಂಕ ಇಳಿಯುವದೆಂದು ಜತೆಯವರು ಹೇಳುತ್ತಾರೆ."

"ಅಂಕ ಇಳಿದರೆ ಏನಾಗುವದು, ಮಗಳೇ?"

"ಮುಂದೆ ದೊಡ್ಡ ಸಾಲ ಬೇಕಾದರೆ ಬಡ್ಡಿ ಹೆಚ್ಚಾದೀತು."

"ದೊಡ್ಡ ಸಾಲ ಮಾಡುವ ಯೋಚನೆ ಉಂಟೋ?"

"ಈಗ ಇಲ್ಲಪ್ಪಾ."

"ಹಾಗಾದರೆ ಅದು ಪೆಟ್ಟಿಗೆಯಲ್ಲಿರುವಾಗ ನಿನ್ನ ಮನಸ್ಸು ಹೇಗಿರುತ್ತದೆ? ಅದನ್ನು ಹೇಳು."

ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿಜ ಹೇಳಬೇಕಾದರೆ, ಹಬ್ಬ ಹತ್ತಿರ ಬಂದಾಗ ಅದನ್ನು ತೆಗೆದು ನೋಡುತ್ತೇನೆ. ನನ್ನ ಕೈಯಲ್ಲಿ ಇನ್ನೂ ಇಪ್ಪತ್ತು ಸಾವಿರ ಉಂಟಲ್ಲಾ ಎಂದು ಅನಿಸುತ್ತದೆ," ಅನ್ನುತ್ತಾಳೆ.

"ಆ ಇಪ್ಪತ್ತು ಸಾವಿರ ನಿನ್ನದೋ?"

ತಂದೆಯ ಕಡೇ ಪ್ರಶ್ನೆಯಲ್ಲಿ ಈ ವಿಷಯದ ತಿರುಳೆಲ್ಲಾ ಅಡಗಿದೆ. ಬಳಸದ ಕಾರ್ಡು ಖರ್ಚನ್ನು ಹೆಚ್ಚಿಸದಿದ್ದರೂ ನಮ್ಮ ಎಣಿಕೆಯನ್ನು ಕೆಡಿಸುವದು. ಇಲ್ಲದ್ದನ್ನು ಇದೆ ಎಂದು ತೋರಿಸುವದು. ಬ್ಯಾಂಕಿನ ಹಣವನ್ನು ನಮ್ಮ ಕಣಜದಲ್ಲಿ ಸೇರಿಸಿ ಎಣಿಸುವಂತೆ ಮಾಡುವದು. ಹೀಗೆ ಎಣಿಸುವವನು ಉಳಿತಾಯದಲ್ಲಿ ಸಡಿಲನಾಗುವನು. ಆಪತ್ತಿಗೆ ಕಾರ್ಡು ಉಂಟಲ್ಲಾ ಎಂದು ತಿಂಗಳಿಗೆ 500 ರೂಪಾಯಿ ತೆಗೆದಿಡುವದನ್ನು ನಿಲ್ಲಿಸುವನು. ಆಪತ್ತು ಬಂದಾಗ ಕಾರ್ಡು ಸಹಾಯ ಮಾಡುವದು ನಿಜ, ಆದರೆ ತೀರಿಸಲು ಉಳಿತಾಯವಿಲ್ಲದವನಿಗೆ ಮುಂದಿನ ತಿಂಗಳು ಅದೇ ಎರಡನೆಯ ಆಪತ್ತಾಗುವದು. 2022ರಿಂದ ರುಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಜೋಡಿಸುವದಕ್ಕೂ ಅನುಮತಿ ದೊರೆತಿರುವದರಿಂದ, ಕಾರ್ಡನ್ನು ಪೆಟ್ಟಿಗೆಯಲ್ಲಿ ಬೀಗ ಹಾಕಿಟ್ಟರೂ ದೂರವಾಣಿಯ ಮೂಲಕ ಚಹದ ಅಂಗಡಿಯಲ್ಲಿಯೂ ಸಾಲ ಹುಟ್ಟಬಹುದು.

ಹಾಗಾದರೆ ತೆರೆದ ಬಾಗಲಿನ ವಾದಕ್ಕೆ ಏನು ಹೇಳೋಣ? ತೆರೆದ ಬಾಗಲಿನ ಮುಂದೆ ನಿಂತೂ ಕದಲದವನು ಗಟ್ಟಿಗನೆಂಬದು ನಿಜ. ಆದರೆ ಗಟ್ಟಿತನವನ್ನು ಪರೀಕ್ಷಿಸುವದಕ್ಕಾಗಿ ಬಾಗಲನ್ನು ತೆರೆದಿಡುವದು ಸಂಯಮವಲ್ಲ. ಅದು ತನ್ನನ್ನು ತಾನು ಮೆಚ್ಚಿಕೊಳ್ಳುವದು. ಹೊಳೆಯ ದಂಡೆಯಲ್ಲಿ ಮನೆಯಿರುವವನು ಮಕ್ಕಳಿಗೆ ಈಜು ಕಲಿಸುವನು, ಬೇಲಿಯನ್ನೂ ಕಟ್ಟುವನು. ಬೇಲಿ ಕಟ್ಟಿದ್ದರಿಂದ ಮಕ್ಕಳು ಈಜು ಬಾರದವರೆಂದು ಯಾರೂ ಅನ್ನುವದಿಲ್ಲ. ಇದಲ್ಲದೆ, ನಿನ್ನ ಹಿಡಿತದ ಮೇಲೆ ನೀನು ಒಡ್ಡುವ ಪಣವು ನಿನ್ನೊಬ್ಬನದಲ್ಲ. ಹೆಂಡತಿಯ ಅಕ್ಕಿ ಬೇಳೆ, ಮಕ್ಕಳ ಶಾಲೆಯ ಶುಲ್ಕ, ಊರಲ್ಲಿರುವ ತಾಯಿಯ ಔಷಧ, ಇವೆಲ್ಲವೂ ಆ ಪಣದಲ್ಲಿ ಸೇರಿವೆ. ಮನೆವಾರ್ತೆ ನಡಿಸುವವನು ತನ್ನ ಬಲದ ಮೇಲೆ ಆಟ ಕಟ್ಟುವದಕ್ಕೆ ನೇಮಕವಾದವನಲ್ಲ. ಒಪ್ಪಿಸಿದ್ದನ್ನು ನಂಬಿಗಸ್ತನಾಗಿ ಕಾಯುವದಕ್ಕೆ ನೇಮಕವಾದವನು. ಶಾಂತವಾದ ಗಳಿಗೆಯಲ್ಲಿ ಮುಂದಾಗಿ ಬಾಗಲು ಮುಚ್ಚಿಕೊಳ್ಳುವದು ಸ್ವಾತಂತ್ರ್ಯದ ನಷ್ಟವಲ್ಲ. ಸ್ವತಂತ್ರನೇ ಅದನ್ನು ಮಾಡಬಲ್ಲನು. ಸಾಲದಲ್ಲಿ ಬಿದ್ದ ಮೇಲೆ ಮುಚ್ಚುತ್ತೇನೆಂದರೂ ಬಾಕಿ ತೀರುವ ತನಕ ಮುಚ್ಚಲಿಕ್ಕೆ ಆಗದು.

ಆದಾಗ್ಯೂ ಎಲ್ಲರಿಗೂ ಒಂದೇ ಔಷಧವನ್ನು ಕೊಡಕೂಡದು. ಒಂದು ಕಾರ್ಡನ್ನು ಕಣ್ಣಿಟ್ಟು ಕಾಯುತ್ತಾ, ಶುಲ್ಕವಿಲ್ಲದೆ, ಗೊತ್ತಾದ ಕಾರಣಕ್ಕಾಗಿ ಇಟ್ಟುಕೊಂಡಿರುವವನಲ್ಲಿ ನಾನು ತಪ್ಪು ಕಾಣುವದಿಲ್ಲ. ಮುಚ್ಚಿಸಿದವನಲ್ಲಿಯೂ ಕಾಣುವದಿಲ್ಲ. ತಪ್ಪು ಇರುವದು ಮೂರನೆಯವನಲ್ಲಿ: ಇಟ್ಟುಕೊಳ್ಳಲೂ ಇಲ್ಲ, ಮುಚ್ಚಲೂ ಇಲ್ಲ, ಮರೆತುಬಿಟ್ಟನು. ತೀರ್ಮಾನ ಮಾಡದೆ ಇರುವದು ಕೂಡ ಒಂದು ತೀರ್ಮಾನವೇ; ಆದರೆ ಅದನ್ನು ಮಾಡಿದವನು ನಾವಲ್ಲ, ನಮ್ಮ ಸೋಮಾರಿತನ. ಹೊಣೆಯುಳ್ಳ ಮನುಷ್ಯನಿಗೆ ಇದು ತಕ್ಕದ್ದಲ್ಲ.

ಆದದರಿಂದ ಬಳಸದ ಕಾರ್ಡುಳ್ಳ ಪ್ರತಿಯೊಬ್ಬನೂ ಒಂದು ಸಾಯಂಕಾಲ ಮನೆಯವರ ಜತೆಯಲ್ಲಿ ಕೂತು ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳಲಿ. ಇದಕ್ಕೆ ಶುಲ್ಕವುಂಟೋ? ಹತ್ತಿರದಲ್ಲಿ ದೊಡ್ಡ ಸಾಲ ಕೇಳುವ ಅವಶ್ಯಕತೆ ಉಂಟೋ? ಇದು ಇರುವದರಿಂದ ನನ್ನ ಆಶೆ ಕೆರಳುವದೋ? ಇದು ನಮ್ಮಲ್ಲಿರುವದು ನನ್ನ ಹೆಂಡತಿಗೆ ಅಥವಾ ಗಂಡನಿಗೆ ಗೊತ್ತುಂಟೋ? ಶುಲ್ಕವಿದ್ದು ಪ್ರಯೋಜನವಿಲ್ಲದಿದ್ದರೆ ಮುಚ್ಚಿಸಲಿ. ಮನೆಸಾಲದ ಅರ್ಜಿ ಹತ್ತಿರವಿದ್ದರೆ ಅದು ಮುಗಿಯುವ ತನಕ ತಡೆಯಲಿ. ಆಶೆ ಕೆರಳುವದಾದರೆ ಅಂಕದ ಮಾತನ್ನು ಬದಿಗಿಟ್ಟು ಮುಚ್ಚಿಸಲಿ. ಯಾಕಂದರೆ ಅಂಕ ಇಳಿದದ್ದು ಏರೀತು, ಸಾಲದಲ್ಲಿ ಮುರಿದ ಮನೆ ಸುಲಭವಾಗಿ ಏಳದು. ಮನೆಯವರಿಗೆ ಗೊತ್ತಿಲ್ಲದಿದ್ದರೆ, ಇಟ್ಟುಕೊಳ್ಳಲಿ ಬಿಡಲಿ, ಮೊದಲು ಹೇಳಲಿ.

ಇಟ್ಟುಕೊಳ್ಳುವದಕ್ಕೂ ಮುಚ್ಚುವದಕ್ಕೂ ನಡುವೆ ಒಂದು ದಾರಿಯುಂಟು. ಕಾರ್ಡಿನ ವ್ಯವಹಾರವನ್ನು ಗಿರಾಕಿಯೇ ತಡೆಯುವ, ಬಿಡುವ, ಮಿತಿ ಹಾಕುವ ಸೌಕರ್ಯವನ್ನು ಬ್ಯಾಂಕುಗಳು ಕೊಡಬೇಕೆಂದು ರಿಸರ್ವ್ ಬ್ಯಾಂಕು 2020ರಲ್ಲಿ ಆಜ್ಞೆ ಮಾಡಿತು. ಇದು ಗೋಡೆ ಕಟ್ಟಿದಂತಲ್ಲ, ಅಗಳಿ ಹಾಕಿದಂತೆ. ಶುಲ್ಕವಿರುವ ಕಾರ್ಡಿಗೆ ಬದಲಾಗಿ ಶುಲ್ಕವಿಲ್ಲದ್ದನ್ನು ಕೇಳಿ ನೋಡುವದೂ ಉಂಟು. ಆದರೆ ಅಗಳಿ ಹಾಕಿದವನು ಆಗಾಗ್ಗೆ ಹೋಗಿ ನೋಡುತ್ತಿರಬೇಕು.

ಮುಚ್ಚಿಸಬೇಕೆಂದು ನಿಶ್ಚಯಿಸಿದವರು ಕ್ರಮವಾಗಿ ಮಾಡಲಿ. ಆ ಕಾರ್ಡಿನಿಂದ ವಿಮೆಯ ಕಂತಾಗಲಿ ವಿದ್ಯುಚ್ಛಕ್ತಿಯ ಹಣವಾಗಲಿ ತಾನಾಗಿ ಹೋಗುತ್ತಿದ್ದರೆ ಮೊದಲು ಅದನ್ನು ಬೇರೆ ಕಡೆಗೆ ಬದಲಾಯಿಸಿಕೊಳ್ಳಲಿ. ಗಳಿಸಿದ ಅಂಶಗಳೇನಾದರೂ ಇದ್ದರೆ ಬಳಸಿಕೊಳ್ಳಲಿ. ಕಂತಿನ ಸಾಲವೂ ಸಣ್ಣ ಬಾಕಿಯೂ ಪೂರ್ತಿ ತೀರಲಿ. ಅನಂತರ ಬರಹದಲ್ಲಿ ಕೇಳಲಿ. 2022ರಲ್ಲಿ ರಿಸರ್ವ್ ಬ್ಯಾಂಕು ಮಾಡಿದ ನಿಯಮದಂತೆ, ಬಾಕಿಯಿಲ್ಲದ ಕಾರ್ಡನ್ನು ಮುಚ್ಚಬೇಕೆಂದು ಕೇಳಿದರೆ ಏಳು ಕೆಲಸದ ದಿವಸಗಳೊಳಗೆ ಮುಚ್ಚಬೇಕು. ತಡಮಾಡಿದರೆ ದಿನಕ್ಕೆ 500 ರೂಪಾಯಿಗಳಂತೆ ಬ್ಯಾಂಕು ಗಿರಾಕಿಗೆ ಕೊಡಬೇಕು. ಮಿಂಚಂಚೆಯಿಂದಲೂ ದೂರವಾಣಿಯಿಂದಲೂ ಕೇಳುವದಕ್ಕೆ ಅನುಕೂಲ ಮಾಡಿರಬೇಕು. ಟಪ್ಪಾಲಿನಲ್ಲೇ ಬರೆಯಬೇಕೆಂದು ಬಲವಂತ ಮಾಡಕೂಡದು. ಒಂದು ವರುಷಕ್ಕಿಂತ ಹೆಚ್ಚು ಕಾಲ ಬಳಸದ ಕಾರ್ಡಿನ ಒಡೆಯನಿಗೆ ಬ್ಯಾಂಕು ತಿಳಿಸಬೇಕು, ಅವನು 30 ದಿವಸಗಳಲ್ಲಿ ಉತ್ತರ ಕೊಡದಿದ್ದರೆ, ಬಾಕಿ ತೀರಿದ್ದಾದರೆ, ತಾನೇ ಮುಚ್ಚಬೇಕು ಎಂಬದೂ ಆ ನಿಯಮದಲ್ಲಿ ಬಂತು. ಆದರೆ ಬ್ಯಾಂಕೇ ಮುಚ್ಚೀತೆಂದು ಕಾಯಬಾರದು; ನಮ್ಮ ಹೊಣೆಯನ್ನು ಇನ್ನೊಬ್ಬರ ನಿಯಮಕ್ಕೆ ಬಿಡುವದು ಅದೇ ಮರೆವಿನ ಇನ್ನೊಂದು ರೂಪ. ಬಾಕಿಯಿಲ್ಲವೆಂಬ ಪತ್ರವನ್ನು ತೆಗೆದುಕೊಂಡು ಜೋಪಾನ ಮಾಡಿರಿ. ಕಾರ್ಡನ್ನು ಅದರ ಲೋಹದ ಬಿಲ್ಲೆಯು ತುಂಡಾಗುವಂತೆ ಕತ್ತರಿಸಿರಿ. ಒಂದೆರಡು ತಿಂಗಳಾದ ಮೇಲೆ ನಿಮ್ಮ ಸಾಲದ ದಾಖಲೆಯನ್ನು ತರಿಸಿ ನೋಡಿರಿ. ವರುಷಕ್ಕೆ ಒಂದು ಸಾರಿ ಅದನ್ನು ಉಚಿತವಾಗಿ ಪಡೆಯುವ ಹಕ್ಕು 2017ರಿಂದ ಎಲ್ಲರಿಗೂ ಇದೆ.

ಪ್ರಿಯ ವಾಚಕರೇ, ಊರಿನ ಮುದುಕಿಯು ರಾತ್ರಿ ಮಲಗುವದಕ್ಕೆ ಮುಂಚೆ ದೀಪ ಹಿಡಿದು ಹಿತ್ತಲಿನ ಬಾಗಲಿಗೆ ಹೋಗಿ ಅಗಳಿಯನ್ನು ಕೈಯಿಂದ ಮುಟ್ಟಿ ನೋಡುತ್ತಾಳೆ. ಆ ಬಾಗಲಿನಿಂದ ಆ ದಿವಸ ಯಾರೂ ಓಡಾಡಿರಲಿಕ್ಕಿಲ್ಲ; ಆದರೂ ನೋಡುತ್ತಾಳೆ. ಯಾಕಂದರೆ ಬಾಗಲು ಬಳಕೆಯಲ್ಲಿ ಇಲ್ಲದಿದ್ದರೂ ಮನೆಯು ಅವಳ ಕೈಯಲ್ಲಿದೆ. ಕಾರ್ಡಿನ ವಿಷಯದಲ್ಲಿ ನಮ್ಮಿಂದ ಬೇಕಾದದ್ದು ಇಷ್ಟೇ. ಇಟ್ಟುಕೊಳ್ಳುವದಾದರೆ ತಿಳಿದು ಇಟ್ಟುಕೊಳ್ಳಿರಿ. ಮುಚ್ಚುವದಾದರೆ ತಿಳಿದು ಮುಚ್ಚಿರಿ. ಮರೆತು ಮಾತ್ರ ಬಿಡಬೇಡಿರಿ. ಪಟ್ಟಣದಲ್ಲಿರುವ ನಿಮ್ಮ ಮಕ್ಕಳು ಮುಂದಿನ ಸಾರಿ ಊರಿಗೆ ಬಂದಾಗ, ಊಟವಾದ ಮೇಲೆ, ಗದರಿಸದೆ, ಪ್ರೀತಿಯಿಂದ ಒಂದು ಮಾತು ಕೇಳಿರಿ: "ನಿನ್ನಲ್ಲಿ ಎಷ್ಟು ಕಾರ್ಡುಗಳಿವೆ? ಯಾವದು ಯಾತಕ್ಕೆ?" ಅವರು ಉತ್ತರಕ್ಕಾಗಿ ಯೋಚಿಸಬೇಕಾಗಿ ಬಂದರೆ, ಯೋಚನೆಯು ಆರಂಭವಾಯಿತೆಂದು ಸಂತೋಷಪಡಿರಿ.